ಕೊನೆಗೆ ಉಳಿದ ಹಸಿರು ಚುಕ್ಕೆ

“ಎಲ್ಲರೂ ನಕ್ಷೆಯ ಸಾಫ್ಟ್‌ವೇರ್ ಮುಚ್ಚಿ, ಕೈ ಕಟ್ಕೊಂಡು ಕೂತ್ಕೊಳ್ಳಿ,” ಎಂದಳು ಬೀಗದಕ್ಕ. ಕಂಪನಿಯ ಸಾಫ್ಟ್‌ವೇರ್ ಲೈಸೆನ್ಸುಗಳೆಲ್ಲ ಅವಳ ಸುಪರ್ದಿಯಲ್ಲಿದ್ದುದರಿಂದ ಬೆನ್ನ ಹಿಂದೆ ಅವಳಿಗೆ ಅದೇ ಹೆಸರು.

ಕೊಂಡ ಲೈಸೆನ್ಸುಗಳಿಗಿಂತ ಒಂದು ಕಂಪ್ಯೂಟರಿನಲ್ಲಿ ಹೆಚ್ಚಿಗೆ ಸಾಫ್ಟ್‌ವೇರ್ ಓಡುತ್ತಿದೆ ಎಂದು ಮಾರಿದವರು ತಕರಾರು ತೆಗೆದಿದ್ದರು. ನಾಳೆ ತಪಾಸಣೆ. ಕಳ್ಳ ಸಿಗದಿದ್ದರೆ ಹೋಗುವುದು ಅವಳ ಕೆಲಸ. ಆದರೆ ಅವಳ ಮಟ್ಟಿಗೆ ಕಳ್ಳಿ ಸಿಕ್ಕಾಗಿತ್ತು, ಸಾಬೀತಾಗುವುದೊಂದೇ ಬಾಕಿ. ಕಿಟಕಿ ಪಕ್ಕದ ನಕ್ಷೆಯವಳು ಆಗಾಗ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಯಾರಾದರೂ ಹತ್ತಿರ ಬಂದರೆ ಪರದೆ ತಿರುಗಿಸುತ್ತಾಳೆ, ಸಾಲದ್ದಕ್ಕೆ ಅವಳ ತಮ್ಮನದು ನಕ್ಷೆ ಬಿಡಿಸುವ ಅಂಗಡಿ. ಇನ್ನೇನು ಬೇಕು?

“ತಮ್ಮನಿಗೆ ಫೋನ್ ಮಾಡು. ಯಾವ ಸಾಫ್ಟ್‌ವೇರ್ ಹಾಕ್ಕೊಂಡಿದಾನೆ ಕೇಳು. ಸ್ಪೀಕರ್ ಹಾಕು.”

“ಎಲ್ಲರ ಮುಂದೇನಾ ಅಕ್ಕ?”

“ಮುಚ್ಚಿಡೋಕೆ ಏನೂ ಇಲ್ಲದಿದ್ರೆ ಎಲ್ಲರ ಮುಂದೆ ಆದ್ರೇನು? ನಮ್ಮನೆಯವರೂ ಮನೇಲಿ ಕೂತು ನಕ್ಷೆ ಬಿಡಿಸ್ತಾರಮ್ಮ. ಲೈಸೆನ್ಸ್ ಸ್ವಂತದ್ದು. ನನ್ನ ಆಫೀಸ್ ಲ್ಯಾಪ್‌ಟಾಪ್ ನಿಧಾನ ಆಯ್ತು ಅಂದಿದ್ದಕ್ಕೆ ಭಾನುವಾರವೆಲ್ಲ ಕೂತು ಸರಿ ಮಾಡ್ಕೊಟ್ರು, ಗೊತ್ತಾ?”

ಪ್ರಶ್ನೆ ಕೇಳಿಸಿಕೊಂಡು ತಮ್ಮ ಅಂದ, “ಅಂಗಡಿ ಮುಚ್ಚಿ ಎಷ್ಟೋ ಕಾಲ ಆಯ್ತಲ್ಲಕ್ಕ. ಕಂಪ್ಯೂಟರೂ ಮಾರಿದೆ. ಯಾರಿಗೂ ಹೇಳಬೇಡ ಅಂತ ನೀನೇ ಅಂದಿದ್ದೆ.”

ನಕ್ಷೆಯವಳು ತಲೆ ತಗ್ಗಿಸಿ ಫೋನಿಟ್ಟಳು. ಬೀಗದಕ್ಕ ಅದನ್ನೂ ನಂಬಲಿಲ್ಲ. ಅಕ್ಕ ತಮ್ಮ ಮೊದಲೇ ಮಾತಾಡಿಕೊಂಡಿರಬೇಕು.

ಅವಳು ತನ್ನ ಪರದೆಯತ್ತ ತಿರುಗಿದಳು. ಕಂಪನಿಯ ಲೈಸೆನ್ಸಿನಲ್ಲಿ ಸಾಫ್ಟ್‌ವೇರ್ ತೆರೆದಿರುವ ಪ್ರತಿ ಕಂಪ್ಯೂಟರಿನ ಹೆಸರಿನ ಮುಂದೆ ಅಲ್ಲೊಂದು ಹಸಿರು ಚುಕ್ಕೆ. ಒಬ್ಬೊಬ್ಬರೇ ಮುಚ್ಚುತ್ತ ಬಂದಂತೆ ಚುಕ್ಕೆಗಳು ಆರುತ್ತ ಬಂದವು. ಕಿಟಕಿ ಪಕ್ಕದ್ದೂ ಆರಿತು. ಕೊನೆಗೆ ಒಂದು ಮಾತ್ರ ಉಳಿಯಿತು.

“‘ಗುಬ್ಬಿ’ ಅಂತೆ,” ಎದ್ದು ಬಂದು ಅವಳ ಹಿಂದೆ ನಿಂತಿದ್ದ ನಕ್ಷೆಯವಳು ಓದಿದಳು. “ಕಂಪ್ಯೂಟರಿಗೆ ಯಾರು ಇಂಥ ಹೆಸರಿಡ್ತಾರೆ?”

ಬೀಗದಕ್ಕ ಮೌಸಿನಿಂದ ಕೈ ತೆಗೆದಳು. ಆ ಭಾನುವಾರ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಬಗ್ಗಿ ಕೂತ ಗಂಡನ ಬೆನ್ನು ನೆನಪಾಯಿತು. ಪಾಪ, ನನಗೋಸ್ಕರ ಎಂದುಕೊಂಡು ತಾನು ಮತ್ತೆ ಮತ್ತೆ ಕಾಫಿ ಮಾಡಿಕೊಟ್ಟದ್ದೂ ನೆನಪಾಯಿತು. ಫೋನ್ ಎತ್ತಿಕೊಂಡು ಬಾಗಿಲ ಕಡೆ ಹೊರಟಳು.

“ಎಲ್ಲಿಗೆ ಅಕ್ಕ?” ನಕ್ಷೆಯವಳ ದನಿ ಏರಲಿಲ್ಲ. “ಇಲ್ಲೇ ಮಾತಾಡಿ. ಸ್ಪೀಕರ್ ಹಾಕಿ.”

ಇಡೀ ಕೋಣೆ ಕೈ ಕಟ್ಟಿಕೊಂಡು ಕೂತಿತ್ತು. ಬೀಗದಕ್ಕ ನಂಬರ್ ಒತ್ತಿ ಸ್ಪೀಕರ್ ಹಾಕಿದಳು.

“ಹೇಳು ಗುಬ್ಬಿ,” ಎಂದಿತು ಗಂಡನ ದನಿ, ಎಂದಿನ ಅಕ್ಕರೆಯಿಂದ.