ಅಟ್ಟದ ಹಿಂದಿನ ಕಿಂಡಿ

ಉಳಿಯ ಮೊದಲ ಏಟಿಗೆ ಸಿಮೆಂಟು ಬಿರುಕು ಕೂಡ ಬಿಡಲಿಲ್ಲ. ಸ್ಟೂಲಿನ ಮೇಲೆ ನಿಂತಿದ್ದ ಗಾರೆಯವ ದಾನಪ್ಪ ಕೆಳಗೆ ನೋಡಿ ನಕ್ಕ.

“ಮಳಿಗಾಲದ ಮುಂದ ಮುಚ್ಚು ಅಂದ್ರಿ, ಈಗ ಒಡಿ ಅಂತೀರಿ. ಮುಂಬೈ ರೋಡ್ ಆತಲ್ರೀ ನಿಮ್ಮ ಗ್ವಾಡಿ!”

“ನೀನು ಒಡಿ ಮಾರಾಯ. ಮಾತು ಮತ್ತೆ,” ಎಂದಳು ಚಂಪಾ.

ಸೊಸೆ ಯಕ್ಷಿತಾ ಸ್ಟೂಲು ಹಿಡಿದಿದ್ದಳು. ಮುಂಬೈಯ ಆಂಟಾಪ್ ಹಿಲ್‌ನ ಆ ಹಳೆಯ ಬಿಲ್ಡಿಂಗಿನಲ್ಲಿ, ಇವರ ಅಟ್ಟದ ಹಿಂದಿನ ಪೊಳ್ಳಿನಲ್ಲಿ ಗೂಬೆಯೊಂದು ವಾಸವಾಗಿತ್ತು. ಚಂಪಾಳ ಹಿರಿಯ ಮಗ, ಯಕ್ಷಿತಾಳ ಗಂಡ ಸಂದೀಪ ಲೋಕಲ್ ರೈಲಿನಿಂದ ಬಿದ್ದು ಸಾಯುವ ಹಿಂದಿನ ರಾತ್ರಿ ಅದು ಕೂಗಿತ್ತು. ಉತ್ತರಕ್ರಿಯೆ ಮುಗಿದ ಮೇಲೆ ಚಂಪಾ ಭಟ್ಟರಲ್ಲಿ ಮುಹೂರ್ತ ಕೇಳಿ, ಬೆಳಿಗ್ಗೆ ಹೋಮ ಮಾಡಿಸಿ, ಅದರ ಹೊಗೆ ಆರುವ ಮೊದಲೇ ಗೂಬೆ ಹೋಗಿಬರುವ ಕಿಂಡಿ ಮುಚ್ಚಿಸಿದ್ದಳು. ಆ ದಿನಗಳಲ್ಲಿ ಯಕ್ಷಿತಾ ಯಾವುದಕ್ಕೂ ಬೇಡ ಎಂದಿರಲಿಲ್ಲ. ಗಂಡನೇ ಇಲ್ಲದ ಮೇಲೆ ಕಿಂಡಿಯೊಂದು ಇದ್ದರೇನು, ಹೋದರೇನು.

ಆಮೇಲೆ ಇಲಿಗಳು ಬಂದವು. ಮೊದಲು ಪೈಪುಗಳ ಸಂದಿಯಲ್ಲಿ, ಮಳೆ ಹಿಡಿದ ಮೇಲೆ ಅಡುಗೆಮನೆಯಲ್ಲಿ, ಹಾಡುಹಗಲೇ. ಬೋನಿಗೆ ಒಂದು ಬಿದ್ದರೆ ನಾಲ್ಕು ಓಡಾಡಿದವು. ಈಗ ಕಿರಿಯ ಮಗ ಪ್ರೀತಮ್ ಐಸಿಯುನಲ್ಲಿದ್ದ. ಇಲಿಜ್ವರ. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಕಿಡ್ನಿ ಸೋಲುತ್ತಿತ್ತು.

“ತೆಗೆದಿಟ್ಟರೆ ಆ ಗೂಬೆ ವಾಪಸು ಬರ್ತದಾ?” ಚಂಪಾ ಕೇಳಿದಳು.

“ಗೊತ್ತಿಲ್ಲ ಅತ್ತೆ. ಬರಬಹುದು.”

“ಬರಲಿ. ಕೂಗಿದರೆ ಕೂಗಲಿ. ಇವನೊಬ್ಬ ಮನೆಗೆ ಬರುವಾಗ ಇಲಿ ಇರಬಾರದು, ಅಷ್ಟೇ.”

ದಾನಪ್ಪ ಉಳಿ ನಿಲ್ಲಿಸಿದ. “ಅವತ್ತು ಗೂಬಿ ಹೊರಗ ಹೋಗಿತ್ತಲ್ರೀ?”

“ಹೋಗಿರ್ಲಿಕ್ಕೇ ಬೇಕು. ಒಳಗೆ ಶಬ್ದವೇ ಇರಲಿಲ್ಲ.”

ಯಕ್ಷಿತಾ ತಲೆ ಎತ್ತಿದಳು. “ಅತ್ತೆ, ನಾವು ಮುಚ್ಚಿಸಿದ್ದು ಬೆಳಿಗ್ಗೆ. ಗೂಬೆ ಹೊರಗೆ ಹೋಗುವುದು ರಾತ್ರಿ.”

“ಬೇಗ ಒಡಿ,” ಎಂದಳು ಚಂಪಾ.

ಸಿಮೆಂಟಿನ ಹೆಂಟೆ ಕಳಚಿ ಬಿತ್ತು. ದಾನಪ್ಪ ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದ. ತಮಾಷೆಯ ಮಾತೊಂದೂ ಆಡದೆ ಕೆಳಗಿಳಿದ.

“ನೋಡಬ್ಯಾಡ್ರಿ ಅಕ್ಕಾರ.”

ಚಂಪಾ ಅವನ ಕೈಯಿಂದ ಮೊಬೈಲು ಕಿತ್ತುಕೊಂಡು ಹತ್ತಿದಳು. ಮುಚ್ಚಿದ ಕಡೆಗೇ ಮುಖ ಮಾಡಿ, ಸಿಮೆಂಟಿಗೆ ಉಗುರು ತಾಗಿಸಿಕೊಂಡು, ಒಣಗಿ ಹಗುರಾದ ಗೂಬೆ ಬಿದ್ದಿತ್ತು. ರೆಕ್ಕೆ ಹರಡಿಕೊಂಡಿತ್ತು. ಪಕ್ಕದಲ್ಲಿ ಮರಿಗಳ ಎರಡು ಪುಟ್ಟ ತಲೆಬುರುಡೆಗಳು.

ರೆಕ್ಕೆಯ ಅಡಿಯಲ್ಲಿ ಏನೋ ಮಿಸುಕಿತು.

“ಯಕ್ಷಿತಾ! ಜೀವ ಉಂಟು ಮಾರಾಯ್ತಿ, ಒಂದು ಮರಿ ಉಳಿದಿದೆ!” ಚಂಪಾ ಅಳುತ್ತಲೇ ನಕ್ಕಳು. ಎರಡು ಬೆರಳಿನಿಂದ, ಮಲಗಿದ ಕೂಸಿನ ಹೊದಿಕೆ ಸರಿಸುವಂತೆ, ರೆಕ್ಕೆಯನ್ನು ಮೆಲ್ಲನೆ ಎತ್ತಿದಳು.

ಗೂಬೆಯ ಪಕ್ಕೆಲುಬುಗಳ ಒಳಗೆ, ಅದರದೇ ಮೆತ್ತನೆಯ ಗರಿಗಳನ್ನು ಹಾಸಿಕೊಂಡು, ಇನ್ನೂ ಕಣ್ಣು ಬಿಡದ ಗುಲಾಬಿ ಬಣ್ಣದ ಇಲಿಮರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು.