ಕುರಿ ಈದ ಮಧ್ಯಾಹ್ನ

ಒದ್ದೆ ಕಂಬಳಿಯ ವಾಸನೆ ಬಂದರೆ ಈಗಲೂ ನನಗೆ ಸನಮಡಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಅಂದು ಮೊದಲ ಸಲ ಒಬ್ಬಳೇ ಕುರಿ ಮೇಯಿಸಲು ಹೋಗಿದ್ದೆ. "ನಿನ್ನ ಕುರಿ ನೀನ ನೋಡ್ಕೋಬೇಕವ್ವಾ," ಅಂದಿದ್ದಳು ಅಜ್ಜಿ.

ಬಯಲಲ್ಲಿ ಒಂದು ಕುರಿ ಈಯತೊಡಗಿತು. ಮರಿಯ ಒಂದೇ ಕಾಲು ಹೊರಬಂದು ಅಲ್ಲೇ ನಿಂತುಬಿಟ್ಟಿತು. ಕುರಿಯ ಬೆನ್ನು ಸವರುತ್ತ ಕೂತೆ. ಅದು ನರಳುವುದು ನಿಲ್ಲಲಿಲ್ಲ. ಅಳು ಬಂತು. ಪಕ್ಕದ ಹೊಲದಲ್ಲಿ ಜೋಳ ಕೀಳುತ್ತಿದ್ದ ಗಂಗವ್ವನನ್ನು ಕೂಗಿದೆ: "ಕಾಕು, ಲಗೂನ ಬರ್ರಿ!"

ಅವಳು ಓಡಿಬಂದು, ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಮೆಲ್ಲಗೆ ಬಿಡಿಸಿದಳು. "ಈಗ ನೀನ ಎಳಿ," ಎಂದಳು. ಎಳೆದೆ. ಬೆಚ್ಚಗಿನ ಮರಿ ಜಾರಿ ನನ್ನ ಕಂಬಳಿಯ ಮೇಲೆ ಬಿತ್ತು, ಸೀನಿತು.

ಸಂಜೆ ಅಳುಕುತ್ತಲೇ ಅಜ್ಜಿಗೆ ಹೇಳಿದೆ. ಅವಳು ನಕ್ಕಳು. "ಕೂಗಿದ್ದು ಚಲೋ ಆತು. ನಾಳಿ ಆಕಿ ಜ್ವಾಳಾ ಕೀಳಾಕ ನೀನೂ ಹೋಗು."