ಜಾರುವ ಚೌಕ

ಆ ಊರಿನಲ್ಲಿ ಪ್ರತಿಯೊಬ್ಬರೂ ತಮ್ಮ ದಿನದ ಒಂದೊಂದು ಕೆಲಸದ ಚೌಕವನ್ನೂ ಬೆಳಗ್ಗೆ ಎಂಟರೊಳಗೆ ಗೋಡೆಯ ಪರದೆಯ ಮೇಲೆ ಎಳೆದು ಜೋಡಿಸಬೇಕಿತ್ತು. ಜೋಡಿಸಿದ ಕ್ರಮದಲ್ಲೇ ದಿನ ನಡೆಯುತ್ತಿತ್ತು.

ಇಂದು ನೀಲವ್ವನ ಪರದೆಯಲ್ಲಿ ‘ತಂಗಿಯ ಆಪರೇಷನ್’ ಮೇಲಿತ್ತು, ‘ತಂಗಿಯ ಭೇಟಿ’ ಅದರ ಕೆಳಗಿತ್ತು. ಭೇಟಿಯ ಚೌಕವನ್ನು ಮೇಲಕ್ಕೆ ಒಯ್ಯಬೇಕು, ಅಷ್ಟೇ. ಆದರೆ ಅರವತ್ತು ದಾಟಿದ ಅವಳ ಬೆರಳು ನಡುಗುತ್ತಿತ್ತು. ಚೌಕ ಅರ್ಧ ದಾರಿಯಲ್ಲೇ ಜಾರಿ ಒಮ್ಮೆ ಸಂತೆಯ ಕೆಳಗೆ ಬಿತ್ತು, ಇನ್ನೊಮ್ಮೆ ರಾತ್ರಿಯೂಟದ ಕೆಳಗೆ. ಎಂಟಕ್ಕೆ ಐದೇ ನಿಮಿಷವಿತ್ತು. ಅವಳು ಎದ್ದಳು, ಕೂತಳು, ಸೆರಗಿನಿಂದ ಪರದೆ ಒರೆಸಿದಳು. ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿದಳು.

“ಕೈ ನಡಗತೈತಿ ಯವ್ವಾ, ಚೌಕ ನಿಲ್ಲವಲ್ದು.”

“ಎಳೀಬ್ಯಾಡ್ರಿ ಅಮ್ಮಾರ,” ಎಂದಳು ಆ ಕಡೆಯ ಹುಡುಗಿ. “ಒಮ್ಮೆ ಮುಟ್ಟಿ ಕೈ ತೆಗೀರಿ. ಆಮ್ಯಾಲೆ ಎಲ್ಲಿ ಬೇಕೋ ಅಲ್ಲಿ ಮುಟ್ರಿ. ಇದನ್ನ ನಿನ್ನೆನ ಹೊಸದಾಗಿ ಹಾಕೇವಿ. ನಮ್ಮವ್ವನ ಕೈನೂ ಹಂಗ ನಡಗತೈತಿ.”

ನೀಲವ್ವ ಚೌಕ ಮುಟ್ಟಿದಳು, ಕೈ ತೆಗೆದು ಮೇಲಿನ ಜಾಗ ಮುಟ್ಟಿದಳು. ಚೌಕ ಅಲ್ಲಿ ಹೋಗಿ ಕೂತಿತು. ಎಂಟು ಹೊಡೆಯಿತು.

ಒಂಬತ್ತಕ್ಕೆ ಅವಳು ಆಸ್ಪತ್ರೆಯ ಮಂಚದ ಬಳಿ ನಿಂತಿದ್ದಳು.

“ನೀ ಬರೂದ್ರಾಗ ನನ್ನ ಒಳಗ ಒಯ್ತಾರ ಅಂದ್ಕೊಂಡಿದ್ದೆ ಅಕ್ಕಾ,” ಎನ್ನುತ್ತಾ ತಂಗಿ ಗಂಗವ್ವ ಸರಿದು ಮಂಚದಲ್ಲಿ ಜಾಗ ಕೊಟ್ಟಳು.